ಹವಾಗುಣದ ಕಾಯಿದೆಯೂ ನಮ್ಮ ಪ್ರತಿನಿಧಿಗಳೂ

೨೦೨೪ನೆಯ ಇಸವಿಯ ಮಾರ್ಚಿ ೨೧ರಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಒಂದು ಹಕ್ಕಿಯ ವ್ಯಾಜ್ಯದಲ್ಲಿ ಮನುಷ್ಯರ ಹಕ್ಕನ್ನು ಕುರಿತು ತೀರ್ಪು ಕೊಟ್ಟಿತು. ನಮ್ಮ ಬಳ್ಳಾರಿ ಸೀಮೆಯವರು ಎರ್ಲಡ್ಡು ಎಂದು ಕರೆಯುವ ದೊಡ್ಡ ಹಕ್ಕಿಯು ರಾಜಸ್ಥಾನ, ಗುಜರಾತುಗಳ ಬಯಲಿನಲ್ಲಿ ವಿದ್ಯುತ್ತಿನ ತಂತಿಗೆ ಬಡಿದು ಸಾಯುತ್ತಿದೆ, ಅದರ ಸಂತತಿಯೇ ಅಳಿಯುವ ಹೊತ್ತು ಬಂದಿದೆ ಎಂಬುದು ಎಂ. ಕೆ. ರಂಜಿತ್‌ಸಿಂಹರು ತಂದ ಆ ವ್ಯಾಜ್ಯದ ಮೂಲ. ತಂತಿಗಳನ್ನು ನೆಲದೊಳಗೆ ಹೂಳಬೇಕೆಂದು ೨೦೨೧ರಲ್ಲಿ ಅದೇ ನ್ಯಾಯಾಲಯವು ಮಾಡಿದ್ದ ಆಜ್ಞೆಯಿಂದ ಸೂರ್ಯಶಕ್ತಿಯ ಯೋಜನೆಗಳಿಗೆ ಅಡ್ಡಿಯಾಗುತ್ತಿದೆಯೆಂದು ಕೇಂದ್ರ ಸರಕಾರವು ಮೊರೆಯಿಟ್ಟಿತು. ಮುಖ್ಯ ನ್ಯಾಯಾಧೀಶ ಡಿ. ವೈ. ಚಂದ್ರಚೂಡರ ಪೀಠವು ಆ ಆಜ್ಞೆಯನ್ನು ಸಡಿಲಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಅಷ್ಟಕ್ಕೆ ನಿಲ್ಲದೆ, ಹವಾಗುಣ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕು ಪ್ರಜೆಗಳಿಗೆ ಉಂಟೆಂದೂ, ಅದು ರಾಜ್ಯಘಟನೆಯ ೧೪ ಮತ್ತು ೨೧ನೆಯ ಕಲಮುಗಳಲ್ಲಿಯೇ ಅಡಗಿದೆಯೆಂದೂ ಸಾರಿತು. ಈ ವಿಷಯದಲ್ಲಿ ಸರಕಾರದ ಧೋರಣೆಗಳೂ ನಿಯಮಗಳೂ ಹಲವಿದ್ದರೂ, ಇದನ್ನೇ ಇಡಿಯಾಗಿ ಒಳಗೊಂಡ ಕಾಯಿದೆಯೊಂದು ದೇಶದಲ್ಲಿಲ್ಲವೆಂಬುದನ್ನೂ ಅದೇ ತೀರ್ಪಿನಲ್ಲಿ ಗುರುತಿಸಿತು.

ಈ ತೀರ್ಪನ್ನು ಓದಿದವರ ಮನಸ್ಸಿನಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಪ್ರಜೆಗೆ ಹಕ್ಕಿದ್ದರೆ ಅದಕ್ಕೆ ಎದುರಾಗಿ ಯಾರೋ ಒಬ್ಬರ ಮೇಲೆ ಕರ್ತವ್ಯದ ಭಾರವಿರಬೇಕಷ್ಟೆ. ಆ ಕರ್ತವ್ಯ ಯಾರದು, ಅದರ ಅಳತೆಯೇನು, ಪಾಲಿಸದಿದ್ದರೆ ಕೇಳುವವರು ಯಾರು? ನ್ಯಾಯಾಲಯವು ಹಕ್ಕನ್ನು ಗುರುತಿಸಬಲ್ಲದು. ಖಜಾನೆಯ ಹಣವನ್ನು ಹಂಚುವುದು, ರಾಜ್ಯಗಳ ಪಾಲನ್ನು ಗೊತ್ತುಮಾಡುವುದು, ಕಲ್ಲಿದ್ದಲ ಗಣಿಯ ಕೂಲಿಗಾರನಿಗೆ ಮುಂದಿನ ಹೊಟ್ಟೆಪಾಡಿನ ದಾರಿ ಮಾಡುವುದು ಪ್ರಜೆಗಳು ಆರಿಸಿ ಕಳುಹಿಸಿದ ಪಾರ್ಲಿಮೆಂಟಿನ ಕೆಲಸ. ತೀರ್ಪು ಬಂದ ಮೇಲೆಯೂ ಆ ಕೆಲಸ ನಡೆದಿಲ್ಲ. ಹವಾಗುಣ ಬದಲಾವಣೆಯನ್ನು ಕುರಿತು ರಾಷ್ಟ್ರಕ್ಕೊಂದು ಕಾಯಿದೆ ಬೇಕು. ಅದನ್ನು ತರುವಂತೆ ಕೇಂದ್ರ ಸರಕಾರವನ್ನು ಒತ್ತಾಯಪಡಿಸುವುದು ಎಲ್ಲ ಪಕ್ಷಗಳ ಸದಸ್ಯರ, ಅವರಲ್ಲಿಯೂ ಕರ್ನಾಟಕದಿಂದ ಹೋದವರ, ಹೊಣೆಯೆಂಬುದೇ ನಮ್ಮ ಇಂದಿನ ವಾದ.

ವಿಷಯವು ದೂರದ್ದೆಂದು ಭಾವಿಸುವ ಕಾಲ ಹೋಯಿತು. ಅಳತೆಗಳನ್ನು ಇಡತೊಡಗಿದಂದಿನಿಂದ ೨೦೨೪ರವರೆಗೆ ಜಗತ್ತು ಕಂಡ ಅತ್ಯಂತ ಬಿಸಿಯ ವರ್ಷ ಅದೇ ೨೦೨೪ ಎಂದೂ, ಕೈಗಾರಿಕಾ ಯುಗಕ್ಕೆ ಮುಂಚಿನ ಸರಾಸರಿಗಿಂತ ಭೂಮಿಯ ತಾಪ ಆ ವರ್ಷ ಸುಮಾರು ಒಂದೂವರೆ ಡಿಗ್ರಿ ಏರಿತ್ತೆಂದೂ ವಿಶ್ವ ಹವಾಮಾನ ಸಂಸ್ಥೆ ತಿಳಿಸಿದೆ. ನಮ್ಮ ರೈತನು ಈ ಅಂಕಿಯನ್ನು ಓದಿರಲಿಕ್ಕಿಲ್ಲ. ಅವನು ಕಂಡಿರುವುದು ಬೇರೆ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕಾಫಿತೋಟಗಳ ಸಮೇತ ಜಾರಿದವು. ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳನ್ನು ಮುಳುಗಿಸಿದವು. ೨೦೨೩ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಮುಂದಿನ ಬೇಸಿಗೆಯಲ್ಲಿ ಬೆಂಗಳೂರಿನಂಥ ನಗರವು ಟ್ಯಾಂಕರಿನ ನೀರಿಗೆ ಕೈಯೊಡ್ಡಿತು. ಅದರ ಹಿಂದೆಯೇ ಬಂದ ಮಳೆಗಾಲದಲ್ಲಿ, ಜುಲೈ ೧೬ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಜುಲೈ ೩೦ರಂದು ಗಡಿಯಾಚೆಯ ವಯನಾಡಿನಲ್ಲಿ ಊರಿಗೆ ಊರೇ ಕೊಚ್ಚಿಹೋಯಿತು. ಇವೆಲ್ಲಕ್ಕೂ ಹವಾಗುಣವೊಂದೇ ಕಾರಣವೆಂದರೆ ಸುಳ್ಳಾದೀತು. ಶಿರೂರಿನಲ್ಲಿ ಹೆದ್ದಾರಿಗಾಗಿ ಗುಡ್ಡವನ್ನು ಕಡಿದಿದ್ದರು. ಬೆಂಗಳೂರಿನ ಕೆರೆಗಳನ್ನು ನುಂಗಿದವರು ಮನುಷ್ಯರೇ. ಆದರೆ ಕಾದ ಗಾಳಿಯು ಹೆಚ್ಚು ನೀರನ್ನು ಹೊತ್ತು ಒಮ್ಮೆಲೇ ಸುರಿಸುತ್ತದೆಂಬುದು ವಿಜ್ಞಾನಿಗಳು ಒಪ್ಪಿದ ಸಂಗತಿ. ಅಂಥ ಮಳೆಯನ್ನು ತಾಳಿಕೊಳ್ಳುವ ಶಕ್ತಿ ಕಡಿದ ಗುಡ್ಡಕ್ಕಿಲ್ಲ, ಹೂಳು ತುಂಬಿದ ಕೆರೆಗೂ ಇಲ್ಲ.

ದೇಶದಲ್ಲಿ ಈಗಿರುವ ಕಾಯಿದೆಗಳು ಸಾಲವೇ ಎಂದು ಕೇಳುವವರುಂಟು. ಕಾಯಿದೆಗಳೇನೋ ಇವೆ. ೧೯೭೪ರಲ್ಲಿ ಜಲಮಾಲಿನ್ಯದ ಕಾಯಿದೆ, ೧೯೮೦ರಲ್ಲಿ ಅರಣ್ಯ ಸಂರಕ್ಷಣೆಯ ಕಾಯಿದೆ, ೧೯೮೧ರಲ್ಲಿ ವಾಯುಮಾಲಿನ್ಯದ್ದು, ಭೋಪಾಲದ ಘೋರ ದುರಂತದ ತರುವಾಯ ೧೯೮೬ರಲ್ಲಿ ಪರಿಸರ ಸಂರಕ್ಷಣೆಯದು ಆದವು. ಪರಿಸರವನ್ನು ಕಾಯುವುದು ರಾಜ್ಯದ ಕರ್ತವ್ಯವೆಂದು ೪೮-ಎ ಕಲಮೂ, ಪ್ರಜೆಯ ಕರ್ತವ್ಯವೆಂದು ೫೧-ಎ ಕಲಮೂ ಹೇಳುತ್ತವೆ. ಇವೆರಡೂ ತುರ್ತುಪರಿಸ್ಥಿತಿಯ ಕಾಲದ ೪೨ನೆಯ ತಿದ್ದುಪಡಿಯಿಂದ ೧೯೭೬ರಲ್ಲಿ ಒಳಬಂದವು. ಆ ತಿದ್ದುಪಡಿಯ ಇತರ ಅನೇಕ ಅಂಶಗಳ ಬಗ್ಗೆ ನಮಗೆ ಆದರವಿಲ್ಲವಾದರೂ, ಈ ಎರಡು ಸಾಲುಗಳು ಉಳಿದದ್ದು ಒಳ್ಳೆಯದೇ ಆಯಿತು. ಆದರೆ ಮೇಲಿನ ಕಾಯಿದೆಗಳಲ್ಲಿ ಒಂದೊಂದೂ ಒಂದು ಹೊಗೆಕೊಳವೆಯನ್ನೋ ಮೋರಿಯನ್ನೋ ಕಾಡಿನ ಗಡಿಯನ್ನೋ ಕಣ್ಣಮುಂದೆ ಇಟ್ಟುಕೊಂಡು ಮಾಡಿದ್ದು. ಇಡೀ ದೇಶದ ಆರ್ಥಿಕ ವ್ಯವಸ್ಥೆಯು ಕಲ್ಲಿದ್ದಲಿನಿಂದ ಬೇರೆ ಶಕ್ತಿಗೆ ಸರಿಯುವಾಗ ಯಾರು ಎಷ್ಟು ಭಾರ ಹೊರಬೇಕು, ಬರವೂ ನೆರೆಯೂ ಪದೇಪದೇ ಬರುವ ಕಾಲಕ್ಕೆ ಜಿಲ್ಲೆಗಳು ಹೇಗೆ ಸಿದ್ಧವಾಗಬೇಕು ಎಂಬ ಪ್ರಶ್ನೆಗಳು ಅವುಗಳನ್ನು ರಚಿಸಿದವರ ಮುಂದೆ ಇರಲಿಲ್ಲ. ಇಂಧನ ಉಳಿತಾಯದ ೨೦೦೧ರ ಕಾಯಿದೆಗೆ ೨೦೨೨ರಲ್ಲಿ ತಿದ್ದುಪಡಿ ತಂದು ಇಂಗಾಲದ ಲೇವಾದೇವಿಗೆ ಅವಕಾಶ ಮಾಡಿದರು. ೨೦೨೫ರ ಅಕ್ಟೋಬರಿನಲ್ಲಿ ಸಿಮೆಂಟು, ಅಲ್ಯುಮಿನಿಯಂ, ಕಾಗದ ಮುಂತಾದ ಕಾರಖಾನೆಗಳಿಗೆ ಹೊಗೆಯ ಮಿತಿಯನ್ನು ಗೊತ್ತುಮಾಡಿದರು. ಇವು ಸರಿಯಾದ ಹೆಜ್ಜೆಗಳೇ. ಹಳೆಯ ಕೋಟಿಗೆ ಹೊಸ ತೇಪೆ ಹಚ್ಚಿದಂತೆ ಕೆಲಸ ಸಾಗಿದೆ.

ಇನ್ನು ಸರಕಾರವು ಜಗತ್ತಿಗೆ ಕೊಟ್ಟ ಮಾತುಗಳ ವಿಚಾರ. ೨೦೦೮ರ ಜೂನ್ ೩೦ರಂದು ಎಂಟು ಮಿಶನ್ನುಗಳ ರಾಷ್ಟ್ರೀಯ ಕಾರ್ಯಯೋಜನೆಯನ್ನು ಪ್ರಕಟಿಸಲಾಯಿತು. ಪ್ಯಾರಿಸ್ ಒಡಂಬಡಿಕೆಗೆ ೨೦೧೬ರ ಗಾಂಧೀಜಯಂತಿಯ ದಿನ ಭಾರತದ ಅಂತಿಮ ಒಪ್ಪಿಗೆ ಸಂದಿತು. ೨೦೨೧ರ ನವೆಂಬರಿನಲ್ಲಿ ಗ್ಲಾಸ್ಗೋ ನಗರದಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ೨೦೭೦ರ ಹೊತ್ತಿಗೆ ದೇಶದ ನಿವ್ವಳ ಹೊಗೆಯನ್ನು ಶೂನ್ಯಕ್ಕೆ ಇಳಿಸುವುದಾಗಿ ಸಾರಿದರು. ಒಂದು ರೂಪಾಯಿ ಉತ್ಪನ್ನಕ್ಕೆ ತಗಲುವ ಹೊಗೆಯನ್ನು ೨೦೦೫ಕ್ಕೆ ಹೋಲಿಸಿ ೨೦೩೦ರೊಳಗೆ ಶೇಕಡಾ ೪೫ರಷ್ಟು ತಗ್ಗಿಸುವುದಾಗಿಯೂ, ವಿದ್ಯುತ್ತಿನ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧವನ್ನು ಕಲ್ಲಿದ್ದಲು, ಎಣ್ಣೆ, ಅನಿಲಗಳಲ್ಲದ ಮೂಲಗಳಿಂದ ಪಡೆಯುವುದಾಗಿಯೂ ೨೦೨೨ರ ಆಗಸ್ಟಿನಲ್ಲಿ ಲಿಖಿತ ವಚನ ಕೊಡಲಾಯಿತು. ಎರಡನೆಯ ಮಾತು ಗಡುವಿಗೆ ಐದು ವರ್ಷ ಮುಂಚಿತವಾಗಿಯೇ, ೨೦೨೫ರಲ್ಲಿ, ಈಡೇರಿತು. ಇದು ಹೆಮ್ಮೆಯ ಸಂಗತಿ. ಹೇಳಲು ನಮಗೆ ಸಂಕೋಚವಿಲ್ಲ. ಸಾಮರ್ಥ್ಯ ಅರ್ಧವಾದರೂ ನಿಜವಾಗಿ ಹುಟ್ಟುವ ವಿದ್ಯುತ್ತಿನ ಬಹುಭಾಗ ಕಲ್ಲಿದ್ದಲಿನದೇ ಎಂಬುದನ್ನೂ ಜತೆಯಲ್ಲಿಯೇ ಹೇಳಬೇಕು. ನಮ್ಮ ಆಕ್ಷೇಪಣೆ ಬೇರೆಡೆ ಇದೆ. ನೂರನಲವತ್ತು ಕೋಟಿ ಜನರ ಹೆಸರಿನಲ್ಲಿ ಕೊಟ್ಟ ಈ ವಚನಗಳಲ್ಲಿ ಒಂದನ್ನೂ ಆ ಜನರ ಪ್ರತಿನಿಧಿಗಳು ಮತ ಹಾಕಿ ಒಪ್ಪಿದ್ದಲ್ಲ. ಮಂತ್ರಿಮಂಡಲ ಒಪ್ಪಿತು, ಪತ್ರ ಹೋಯಿತು. ೨೦೨೨ರೊಳಗೆ ೧೭೫ ಗಿಗಾವಾಟ್ ನವೀಕರಿಸಬಹುದಾದ ವಿದ್ಯುತ್ತನ್ನು ಸ್ಥಾಪಿಸುವೆವೆಂದು ಹಿಂದೆ ಹೇಳಿದ್ದ ಗುರಿಯನ್ನು ಆ ಗಡುವಿನಲ್ಲಿ ಮುಟ್ಟಲಾಗಲಿಲ್ಲ. ಏಕೆ ಆಗಲಿಲ್ಲವೆಂದು ಸಭೆಯ ಮುಂದೆ ನಿಂತು ವಿವರಿಸಲೇಬೇಕೆಂಬ ಕಟ್ಟು ಯಾವ ಮಂತ್ರಿಗೂ ಇರಲಿಲ್ಲ.

ಕಟ್ಟಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಒಂದು ಕಥೆಯನ್ನು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡಬೇಕಾಗಿದೆ. ಕಲ್ಲಿದ್ದಲು ಉರಿದಾಗ ಗಂಧಕದ ಹೊಗೆಯೂ ಹೊಮ್ಮುತ್ತದೆ. ಅದು ಭೂಮಿಯನ್ನು ಕಾಯಿಸುವ ಅನಿಲವಲ್ಲ, ಶ್ವಾಸಕೋಶಕ್ಕೆ ವಿಷ. ಆದುದರಿಂದ ಇದು ನೇರವಾಗಿ ಹವಾಗುಣದ ಕಥೆಯಲ್ಲ. ಆದರೆ ಆಳುವವರು ಅದೇ, ಉಷ್ಣವಿದ್ಯುತ್ ಸ್ಥಾವರಗಳು ಅವೇ, ಆಳುವ ಬಗೆಯೂ ಅದೇ. ಸ್ಥಾವರಗಳು ಈ ಹೊಗೆಯನ್ನು ತೊಳೆಯುವ ಯಂತ್ರಗಳನ್ನು ಎರಡು ವರ್ಷದೊಳಗೆ ಕೂಡಿಸಬೇಕೆಂದು ೨೦೧೫ರ ಡಿಸೆಂಬರಿನಲ್ಲಿ ಪರಿಸರ ಖಾತೆಯು ಅಧಿಸೂಚನೆ ಹೊರಡಿಸಿತು. ಎರಡು ವರ್ಷ ತುಂಬಿತು, ಯಂತ್ರಗಳು ಬರಲಿಲ್ಲ. ಗಡುವನ್ನು ೨೦೨೨ರವರೆಗೆ ಎಳೆದರು. ಆಮೇಲೆ ಸ್ಥಾವರಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ ಮತ್ತೆ ಎಳೆದರು, ಮತ್ತೆ ಎಳೆದರು. ಕೊನೆಗೆ ೨೦೨೫ರ ಜುಲೈಯಲ್ಲಿ, ದೊಡ್ಡ ನಗರಗಳಿಗೂ ತೀವ್ರ ಮಾಲಿನ್ಯದ ಪ್ರದೇಶಗಳಿಗೂ ದೂರವಿರುವ ಸ್ಥಾವರಗಳಿಗೆ, ಅಂದರೆ ದೇಶದ ಘಟಕಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವಕ್ಕೆ, ಈ ನಿರ್ಬಂಧವೇ ಬೇಡವೆಂದು ಬಿಡುಗಡೆ ಕೊಟ್ಟರು. ಯಂತ್ರಗಳು ದುಬಾರಿ, ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಗಾಳಿಯಲ್ಲಿ ಅದರ ಪ್ರಮಾಣ ಮಿತಿಯೊಳಗೇ ಇದೆ ಎಂಬ ಸಮರ್ಥನೆ ಕೇಳಿಬಂದಿತು. ಅದರಲ್ಲಿ ಹುರುಳಿರಬಹುದು, ಇಲ್ಲದಿರಬಹುದು. ನಮಗೆ ಮುಖ್ಯವೆನಿಸುವುದು ಇಷ್ಟು: ಹತ್ತು ವರ್ಷ ನಡೆದ ಈ ಕಟ್ಟುವ ಬಿಚ್ಚುವ ಆಟದಲ್ಲಿ ಒಂದು ಸಲವೂ ಪಾರ್ಲಿಮೆಂಟಿನ ಒಪ್ಪಿಗೆ ಬೇಕಾಗಲಿಲ್ಲ. ಒಬ್ಬ ಅಧಿಕಾರಿಯ ರುಜುವಿನಿಂದ ಬಂದದ್ದು ಇನ್ನೊಬ್ಬ ಅಧಿಕಾರಿಯ ರುಜುವಿನಿಂದ ಹೋಯಿತು. ಆ ಗಾಳಿಯನ್ನು ಉಸಿರಾಡುವವನು ಗೆಜೆಟ್ಟನ್ನು ಓದುವವನಲ್ಲ.

ಪಶ್ಚಿಮಘಟ್ಟದ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ಫಲ ಮಾತ್ರ ಒಂದೇ. ಮಾಧವ ಗಾಡ್ಗೀಳರ ಸಮಿತಿ ೨೦೧೧ರಲ್ಲಿಯೂ, ಕಸ್ತೂರಿರಂಗನ್ ಅವರ ಸಮಿತಿ ೨೦೧೩ರಲ್ಲಿಯೂ ವರದಿ ಕೊಟ್ಟವು. ೨೦೧೪ರಿಂದ ೨೦೨೪ರ ವರೆಗೆ ಕೇಂದ್ರವು ಆರು ಸಲ ಕರಡು ಅಧಿಸೂಚನೆ ಹೊರಡಿಸಿತು. ಆರನೆಯದು ವಯನಾಡಿನ ಅನಾಹುತದ ಮರುದಿನದ್ದು. ಅದರಲ್ಲಿ ಕರ್ನಾಟಕದ ಪಾಲು ೨೦,೬೬೮ ಚದರ ಕಿಲೋಮೀಟರು. ನಮ್ಮ ರಾಜ್ಯದಲ್ಲಿ ಯಾವ ಪಕ್ಷದ ಸರಕಾರವಿದ್ದರೂ ಇದನ್ನು ತಿರಸ್ಕರಿಸಿದ್ದೇ ಬಂತು; ಆರನೆಯ ಕರಡನ್ನು ೨೦೨೪ರ ಸೆಪ್ಟೆಂಬರಿನಲ್ಲಿ ಮಂತ್ರಿಮಂಡಲವು ತಳ್ಳಿಹಾಕಿತು. ಮಲೆನಾಡಿನ ಒಕ್ಕಲಿನ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಡಕೆತೋಟಕ್ಕೆ ಗೊಬ್ಬರ ಹಾಕಲೂ ಅಪ್ಪಣೆ ಬೇಕಾದೀತೆಂದು ಅವನಿಗೆ ಹೇಳಿದವರೇ ಹೆಚ್ಚು. ಗಣಿಗೂ ಕಲ್ಲುಕ್ವಾರಿಗೂ ಬೀಳುವ ತಡೆಯೇ ಇದರ ಮುಖ್ಯ ಅಂಶವೆಂದು ಕೂತು ತಿಳಿಸಿದವರು ಕಡಿಮೆ. ದಿಲ್ಲಿಯ ಕಚೇರಿಯಿಂದ ಇಳಿದು ಬರುವ ಕರಡಿಗೂ, ನಾಲ್ಕು ಜನರ ಮುಂದೆ ಚರ್ಚೆಯಾಗಿ, ಪರಿಹಾರವೇನು ಲಾಭವೇನೆಂದು ಕಲಮು ಕಲಮಾಗಿ ಬರೆದು, ಅವನದೇ ಪ್ರತಿನಿಧಿ ಮತಕೊಟ್ಟು ಮಾಡಿದ ಕಾಯಿದೆಗೂ ಅಂತರವುಂಟು. ಮೊದಲನೆಯದನ್ನು ಆರು ಸಲ ಮಾಡಿ ನೋಡಿದ್ದಾಯಿತು.

ಕಾಯಿದೆಯಾದ ಮಾತ್ರಕ್ಕೆ ಎಲ್ಲವೂ ಶಾಶ್ವತವಾಯಿತೆಂದು ನಾವು ಹೇಳುತ್ತಿಲ್ಲ. ಹಳ್ಳಿಯ ಕೂಲಿಗೆ ಕೆಲಸದ ಖಾತರಿ ಕೊಟ್ಟ ೨೦೦೫ರ ಕಾಯಿದೆಯ ಜಾಗದಲ್ಲಿ ೨೦೨೫ರ ಡಿಸೆಂಬರಿನಲ್ಲಿ ಬೇರೊಂದು ಕಾಯಿದೆ ಬಂದಿತು. ಆದರೆ ಅದಕ್ಕಾಗಿ ಸರಕಾರ ಪಾರ್ಲಿಮೆಂಟಿಗೆ ಬರಬೇಕಾಯಿತು, ವಿರೋಧಪಕ್ಷದ ಮಾತು ಕೇಳಬೇಕಾಯಿತು, ದೇಶಕ್ಕೆ ದೇಶವೇ ಅದನ್ನು ಕುರಿತು ವಾದಿಸಿತು. ಅದಕ್ಕೂ ಮುಂಚಿನ ಎರಡು ದಶಕ, ಕೂಲಿ ಸಿಗದ ಹೆಂಗಸು ಪಂಚಾಯತಿಯ ಮುಂದೆ ನಿಂತು, ಇದು ನನ್ನ ಹಕ್ಕು ಎಂದು ಕೇಳುವ ಹಾಗಿತ್ತು. ಸರಕಾರದ ಯೋಜನೆಯೊಂದರ ಮುಂದೆ ನಿಂತು ಹಾಗೆ ಕೇಳಲು ಬಾರದು.

ಈಗ ಎದುರುಪಕ್ಷದ ಮುಖ್ಯ ವಾದಕ್ಕೆ ಬರೋಣ. ಭೂಮಿಯನ್ನು ಕಾಯಿಸಿದವರು ನಾವಲ್ಲ. ನೂರೈವತ್ತು ವರ್ಷ ಕಲ್ಲಿದ್ದಲನ್ನು ಸುಟ್ಟು ಐಶ್ವರ್ಯ ಕಟ್ಟಿಕೊಂಡ ರಾಷ್ಟ್ರಗಳು ಮಾಡಿದ ಪಾಪಕ್ಕೆ ನಾವೇಕೆ ಕೈಗೆ ಕೋಳ ತೊಡಬೇಕು ಎಂಬುದು ಆ ವಾದ. ಇದರ ಪೂರ್ವಾರ್ಧವನ್ನು ನಾವು ಸಂಪೂರ್ಣವಾಗಿ ಒಪ್ಪುತ್ತೇವೆ. ಒಟ್ಟು ಲೆಕ್ಕದಲ್ಲಿ ಭಾರತವು ಮೂರನೆಯ ಸ್ಥಾನದಲ್ಲಿದ್ದರೂ, ತಲಾ ಲೆಕ್ಕದಲ್ಲಿ ನಮ್ಮ ಹೊಗೆ ಜಗತ್ತಿನ ಸರಾಸರಿಯ ಅರ್ಧದಷ್ಟೂ ಇಲ್ಲ. ೧೯೯೨ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿಯೇ ಹೊಣೆ ಎಲ್ಲರದಾದರೂ ಭಾರ ಸಮವಲ್ಲವೆಂಬ ತತ್ತ್ವವನ್ನು ಬರೆದಿದೆ. ೨೦೨೪ರ ನವೆಂಬರಿನಲ್ಲಿ ಬಾಕು ನಗರದಲ್ಲಿ ಶ್ರೀಮಂತ ರಾಷ್ಟ್ರಗಳು ೨೦೩೫ರ ಹೊತ್ತಿಗೆ ವರ್ಷಕ್ಕೆ ೩೦೦ ಬಿಲಿಯ ಡಾಲರು ಕೂಡಿಸುವೆವೆಂದು ಹೇಳಿ ಸುತ್ತಿಗೆ ಬಡಿದಾಗ, ಅದು ಏನೇನೂ ಸಾಲದೆಂದು ಎದ್ದು ನಿಂತು ಪ್ರತಿಭಟಿಸಿದ್ದು ಭಾರತದ ಪ್ರತಿನಿಧಿಯೇ. ಆ ಪ್ರತಿಭಟನೆ ನ್ಯಾಯವಾದದ್ದು.

ಆದರೆ ಈ ವಾದದಿಂದ ಕಾಯಿದೆ ಬೇಡವೆಂಬ ತೀರ್ಮಾನ ಹೇಗೆ ಹೊರಡುತ್ತದೆಂಬುದು ನಮಗೆ ತಿಳಿಯದು. ನಮ್ಮ ಪಾಲು ಇಷ್ಟೇ, ಉಳಿದದ್ದು ನಿಮ್ಮದು ಎಂಬುದನ್ನು ನಮ್ಮ ಪಾರ್ಲಿಮೆಂಟು ಕಾಯಿದೆಯಲ್ಲಿಯೇ ಬರೆದಿಟ್ಟರೆ ನಮ್ಮ ಪ್ರತಿನಿಧಿಯ ಮಾತಿಗೆ ಬಲ ಬರುವುದಲ್ಲದೆ ಕುಗ್ಗದು. ಹವಾಗುಣವನ್ನು ಕಾಯುವುದು ರಾಷ್ಟ್ರಗಳ ಮೇಲಿನ ಕಾನೂನಿನ ಋಣವೇ ಹೌದೆಂದು ೨೦೨೫ರ ಜುಲೈ ೨೩ರಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು ಅಭಿಪ್ರಾಯ ಕೊಟ್ಟಿದೆ. ಆ ಅಭಿಪ್ರಾಯವನ್ನು ಶ್ರೀಮಂತರ ಮುಂದೆ ಹಿಡಿಯಬೇಕಾದವರು ನಾವು. ಇನ್ನೊಂದು ಮಾತು ವ್ಯಾಪಾರದ್ದು. ಹೊರಗಿನಿಂದ ಬರುವ ಉಕ್ಕು, ಅಲ್ಯುಮಿನಿಯಂ, ಸಿಮೆಂಟಿನ ಮೇಲೆ ಯೂರೋಪಿನ ಒಕ್ಕೂಟವು ೨೦೨೬ರ ಜನವರಿಯಿಂದ ಇಂಗಾಲದ ಸುಂಕದ ಲೆಕ್ಕ ಆರಂಭಿಸಿದೆ. ಇದು ಅನ್ಯಾಯವೆಂದೇ ನಮ್ಮ ಮತ. ಆದರೆ ಸರಕು ತಯಾರಾದ ದೇಶದಲ್ಲಿಯೇ ಇಂಗಾಲಕ್ಕೆ ಬೆಲೆ ತೆತ್ತಿದ್ದರೆ ಆ ಮೊತ್ತವನ್ನು ಸುಂಕದಲ್ಲಿ ಕಳೆಯುವ ನಿಯಮ ಅದರಲ್ಲಿಯೇ ಇದೆ. ತೋರಣಗಲ್ಲಿನ ಉಕ್ಕಿನ ಮೇಲೆ ಬೀಳುವ ಹಣವು ಬ್ರಸೆಲ್ಸಿನ ಖಜಾನೆಗೆ ಹೋಗಬೇಕೇ, ನಮ್ಮ ಖಜಾನೆಗೆ ಬಂದು ನಮ್ಮ ಕೂಲಿಗಾರರಿಗೆ ಸಲ್ಲಬೇಕೇ ಎಂಬುದನ್ನು ನಮ್ಮ ಪಾರ್ಲಿಮೆಂಟು ನಿಶ್ಚಯಿಸುವುದು ಮೇಲಲ್ಲವೇ?

ಹೊರದೇಶಗಳ ಉದಾಹರಣೆಗಳು ಸಾಕಷ್ಟಿವೆ; ಎರಡನ್ನೇ ಹೇಳಿ ಮುಂದುವರಿಯುವೆವು. ಬ್ರಿಟನ್ನು ೨೦೦೮ರಲ್ಲಿಯೇ ಕಾಯಿದೆ ಮಾಡಿ, ಐದೈದು ವರ್ಷದ ಹೊಗೆಯ ಮಿತಿಯನ್ನು ಗೊತ್ತುಮಾಡಿ, ಸ್ವತಂತ್ರ ಸಮಿತಿಯೊಂದು ಪ್ರತಿವರ್ಷ ಪಾರ್ಲಿಮೆಂಟಿಗೆ ವರದಿ ಒಪ್ಪಿಸುವಂತೆ ಏರ್ಪಡಿಸಿತು. ಸರಕಾರದ ಯೋಜನೆ ಕಾಯಿದೆಯ ಮಾತಿಗೆ ಸಾಲದೆಂದು ಅಲ್ಲಿಯ ಹೈಕೋರ್ಟು ೨೦೨೨ರಲ್ಲಿಯೂ ೨೦೨೪ರಲ್ಲಿಯೂ ತೀರ್ಪಿತ್ತು ಮತ್ತೆ ಬರೆಯುವಂತೆ ಮಾಡಿತು. ಕಲ್ಲಿದ್ದಲಿನ ಯುಗವನ್ನು ಆರಂಭಿಸಿದ ಆ ದೇಶದಲ್ಲಿ ಕಲ್ಲಿದ್ದಲ ವಿದ್ಯುತ್ತಿನ ಕೊನೆಯ ಸ್ಥಾವರ ೨೦೨೪ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಬ್ರಿಟನ್ನಿನ ಮಾತು ನಮಗೆ ಹೊಂದದೆಂದರೆ ದಕ್ಷಿಣ ಆಫ್ರಿಕವನ್ನು ನೋಡಬಹುದು. ನಮ್ಮಂತೆಯೇ ಕಲ್ಲಿದ್ದಲನ್ನು ನೆಚ್ಚಿದ, ನಮ್ಮಂತೆಯೇ ನಿರ್ಗತಿಕರ ದೊಡ್ಡ ಸಂಖ್ಯೆಯುಳ್ಳ ಆ ದೇಶವು ೨೦೨೪ರ ಜುಲೈಯಲ್ಲಿ ಹವಾಗುಣದ ಕಾಯಿದೆ ಮಾಡಿಕೊಂಡಿತು. ಅಮೆರಿಕದ ಕಥೆ ಎಚ್ಚರಿಕೆಯಾಗಿ ಉಪಯೋಗಕ್ಕೆ ಬರುವಂಥದು. ೨೦೦೯ರಲ್ಲಿ ಅಲ್ಲಿಯ ಕೆಳಮನೆ ೨೧೯ಕ್ಕೆ ೨೧೨ ಮತಗಳಿಂದ ಒಪ್ಪಿದ ಮಸೂದೆ ಮೇಲ್ಮನೆಯಲ್ಲಿ ಮತಕ್ಕೇ ಬಾರದೆ ಸತ್ತಿತು. ಆಮೇಲೆ ಒಬ್ಬ ಅಧ್ಯಕ್ಷರು ಪ್ಯಾರಿಸ್ ಒಡಂಬಡಿಕೆಗೆ ಸೇರುವುದು, ಮತ್ತೊಬ್ಬರು ಬಿಡುವುದು, ಇನ್ನೊಬ್ಬರು ಸೇರುವುದು, ಪುನಃ ಬಿಡುವುದು ನಡೆಯಿತು.

ಹಾಗೆಂದು ಬ್ರಿಟನ್ನಿನ ಕಾಯಿದೆಯನ್ನು ನಕಲು ಮಾಡಿ ತನ್ನಿರೆಂದು ನಾವು ಹೇಳುತ್ತಿಲ್ಲ. ನಮ್ಮ ಕಾಯಿದೆ ಹೊಗೆಯನ್ನು ಎಣಿಸುವುದಕ್ಕಿಂತ ಮೊದಲು ಬಿಸಿಲಿನಲ್ಲಿ ನಿಂತವನನ್ನು ಎಣಿಸಬೇಕು. ಇದಕ್ಕೆ ಬೇಕಾದ ಪಾಠ ಕರ್ನಾಟಕದ ೨೦೨೩ರ ಬರಗಾಲದಲ್ಲಿಯೇ ಇದೆ. ರಾಜ್ಯವು ಕೇಂದ್ರದಿಂದ ೧೮,೧೭೧ ಕೋಟಿ ರೂಪಾಯಿಗಳ ಪರಿಹಾರ ಕೇಳಿತು. ಕೇಂದ್ರದ ತಂಡ ಬಂದು ನೋಡಿಹೋಯಿತು. ತಿಂಗಳುಗಳು ಉರುಳಿದವು. ರಾಜ್ಯದ ತಪ್ಪೆಂದು ಕೇಂದ್ರವೂ, ಕೇಂದ್ರದ ತಪ್ಪೆಂದು ರಾಜ್ಯವೂ ಹೇಳಿಕೊಂಡವು. ಕೊನೆಗೆ ೨೦೨೪ರ ಮಾರ್ಚಿಯಲ್ಲಿ ರಾಜ್ಯವು ೧೩೧ನೆಯ ಕಲಮಿನ ಮೇರೆಗೆ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. ಏಪ್ರಿಲಿನಲ್ಲಿ ಸುಮಾರು ೩,೪೫೪ ಕೋಟಿ ರೂಪಾಯಿ ಬಿಡುಗಡೆಯಾಯಿತು. ಆ ಜಗಳದಲ್ಲಿ ಯಾರು ಸರಿಯೆಂದು ತೀರ್ಪು ಹೇಳಲು ನಾವು ಹೊರಟಿಲ್ಲ. ಮುಂಗಾರಿನಲ್ಲಿ ಸುಟ್ಟುಹೋದ ಬೆಳೆಯ ಪರಿಹಾರಕ್ಕೆ ಮುಂದಿನ ಬೇಸಿಗೆಯವರೆಗೆ ಕಾಯುವಂತಾದುದನ್ನು ಯಾವ ಪಕ್ಷದವರೂ ಸಮರ್ಥಿಸಲಾರರು. ಎಷ್ಟು ಮಳೆ ಕಡಿಮೆಯಾದರೆ, ಎಷ್ಟು ದಿನದೊಳಗೆ, ಎಷ್ಟು ಹಣ ಎಂಬ ಸೂತ್ರವು ಕಾಯಿದೆಯಲ್ಲಿದ್ದರೆ ಅರ್ಜಿಯನ್ನು ಹಿಡಿದು ದಿಲ್ಲಿಯ ಪಡಸಾಲೆಯಲ್ಲಿ ಕಾಯುವ ಅಗತ್ಯ ಯಾವ ಮುಖ್ಯಮಂತ್ರಿಗೂ ಬಾರದು.

ಬಿಸಿಗಾಳಿಯ ವಿಷಯ ಇದಕ್ಕಿಂತ ಶೋಚನೀಯ. ೨೦೨೧ರಿಂದ ೨೦೨೬ರ ವರೆಗಿನ ಅವಧಿಗೆ ವಿಪತ್ತು ನಿಧಿಗೆ ಅರ್ಹವೆಂದು ಕೇಂದ್ರವು ಒಪ್ಪಿದ ಅನಾಹುತಗಳ ಪಟ್ಟಿಯಲ್ಲಿ ಶೀತಗಾಳಿಯಿತ್ತು, ಹಿಮಪಾತವಿತ್ತು, ಬಿಸಿಗಾಳಿಗೆ ಸ್ಥಾನವಿರಲಿಲ್ಲ. ರಾಜ್ಯಗಳು ಅದನ್ನು ಸ್ಥಳೀಯ ವಿಪತ್ತೆಂದು ಸಾರಿಕೊಂಡು ತಮ್ಮ ನಿಧಿಯ ಹತ್ತರಲ್ಲೊಂದು ಪಾಲಿನೊಳಗೆ ಖರ್ಚು ಮಾಡಬೇಕಾಗಿತ್ತು. ಅಹಮದಾಬಾದು ೨೦೧೩ರಲ್ಲಿ ಮೊದಲುಮಾಡಿದ ಬಿಸಿಲಿನ ಕಾರ್ಯಯೋಜನೆಯನ್ನು ಈಗ ಅನೇಕ ನಗರಗಳು ಹಿಡಿದಿವೆ. ಅವುಗಳ ಹಿಂದೆ ಕಾಯಿದೆಯ ಬಲವಿಲ್ಲ, ಮೀಸಲಿಟ್ಟ ಹಣವೂ ಸಾಮಾನ್ಯವಾಗಿ ಇಲ್ಲ. ಕಲಬುರಗಿಯ ರಸ್ತೆಯಲ್ಲಿ ಡಾಂಬರು ಹಾಕುವವನು, ರಾಯಚೂರಿನ ಹೊಲದಲ್ಲಿ ಹತ್ತಿ ಬಿಡಿಸುವವಳು ಮಧ್ಯಾಹ್ನದ ಕೆಲಸ ಬಿಟ್ಟರೆ ಅಂದಿನ ಕೂಲಿಯನ್ನೂ ಬಿಟ್ಟಂತೆಯೇ. ಇಂತಿಷ್ಟು ಬಿಸಿಯಾದರೆ ಕೆಲಸ ನಿಲ್ಲಬೇಕು, ಕೂಲಿ ನಿಲ್ಲಬಾರದು ಎಂದು ಕಾಯಿದೆ ಹೇಳದ ಹೊರತು ಗುತ್ತಿಗೆದಾರನು ಹೇಳುವನೇ?

ಹೊಸ ಶಕ್ತಿಯ ಕಡೆಗೂ ಹೀಗೆಯೇ ನೋಡಬೇಕಾಗಿದೆ. ಪಾವಗಡದ ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟಿನ ಸೂರ್ಯಶಕ್ತಿ ಕೇಂದ್ರ ಎದ್ದಿತು. ಜಮೀನನ್ನು ಕಿತ್ತುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ ಕೊಟ್ಟು, ಕಾಲಕಾಲಕ್ಕೆ ಏರಿಸುವ ಕರಾರು ಮಾಡಿದ್ದು ದೇಶಕ್ಕೆ ಮೇಲ್ಪಂಕ್ತಿ. ಆದರೆ ಜಮೀನಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣ ಎಲ್ಲಿಂದ ಬರಬೇಕು? ನಾಳೆ ರಾಯಚೂರಿನ ಶಕ್ತಿನಗರದ ಘಟಕಗಳು ಒಂದೊಂದಾಗಿ ನಿಂತಾಗ ಬೂದಿ ಹೊರುವ ಗುತ್ತಿಗೆ ಕೂಲಿಗಾರನು ಎಲ್ಲಿಗೆ ಹೋಗಬೇಕು? ಜಾರ್ಖಂಡದ ಗಣಿಜಿಲ್ಲೆಗಳಲ್ಲಿ ಈ ಪ್ರಶ್ನೆ ನೂರುಪಟ್ಟು ದೊಡ್ಡದು. ಇವರ ಪಾಲನ್ನು ಮೊದಲೇ ಬರೆದಿಡದ ಕಾಯಿದೆಗೆ ನಮ್ಮ ಬೆಂಬಲವಿಲ್ಲ.

ಒಕ್ಕೂಟದ ದೃಷ್ಟಿಯಿಂದ ಒಂದು ಎಚ್ಚರಿಕೆ ಅಗತ್ಯ. ಪರಿಸರವೆಂಬ ಮಾತು ರಾಜ್ಯಘಟನೆಯ ಏಳನೆಯ ಅನುಸೂಚಿಯ ಯಾವ ಪಟ್ಟಿಯಲ್ಲಿಯೂ ಸ್ಪಷ್ಟವಾಗಿಲ್ಲ. ಅಂತರರಾಷ್ಟ್ರೀಯ ಒಪ್ಪಂದಗಳನ್ನು ಜಾರಿಗೊಳಿಸಲು ೨೫೩ನೆಯ ಕಲಮು ಪಾರ್ಲಿಮೆಂಟಿಗೆ ವಿಶಾಲವಾದ ಅಧಿಕಾರ ಕೊಡುತ್ತದೆ. ೧೯೮೧ರ, ೧೯೮೬ರ ಕಾಯಿದೆಗಳು ಆ ದಾರಿಯಿಂದಲೇ ಬಂದವು. ಹೊಸ ಕಾಯಿದೆಯೂ ಹಾಗೆ ಬರಬಹುದು. ಆದರೆ ವ್ಯವಸಾಯ, ಜಮೀನು, ಸಾರ್ವಜನಿಕ ಆರೋಗ್ಯ ಇವು ರಾಜ್ಯಗಳ ಅಧೀನದವು. ಈ ಕೆಲಸವೆಲ್ಲ ನಡೆಯಬೇಕಾದದ್ದೂ ಅಲ್ಲಿಯೇ. ಅಧಿಕಾರವನ್ನು ದಿಲ್ಲಿಗೆ ಎಳೆದುಕೊಂಡು ಖರ್ಚನ್ನು ರಾಜ್ಯಗಳ ತಲೆಗೆ ಕಟ್ಟುವ ಮಸೂದೆ ಬಂದರೆ ಅದನ್ನು ವಿರೋಧಿಸುವವರಲ್ಲಿ ನಾವೇ ಮೊದಲಿಗರಾಗುವೆವು. ರಾಜ್ಯಗಳೂ ಕುಳಿತುಕೊಳ್ಳುವ ಸ್ವತಂತ್ರ ಮಂಡಲಿಯೊಂದಿರಬೇಕು. ಅದು ಮಂತ್ರಿಗಳ ಮರ್ಜಿಯಿಂದ ಕೂಡದೆ, ಕಾಯಿದೆ ಹೇಳಿದ ದಿನ ಕೂಡಬೇಕು. ಅದರ ವರದಿ ಪಾರ್ಲಿಮೆಂಟಿನ ಮುಂದೆ ಪ್ರತಿವರ್ಷ ಬರಬೇಕು. ಅದನ್ನು ಒಪ್ಪದಿದ್ದರೆ ಸರಕಾರವು ಕಾರಣವನ್ನು ಬರೆದುಕೊಡಬೇಕು.

ಇದನ್ನು ಆಗಮಾಡಿಸುವವರು ಯಾರು? ಹವಾಗುಣದ ಬಗ್ಗೆ ಖಾಸಗಿ ಸದಸ್ಯರು ಮಸೂದೆ ತಂದದ್ದುಂಟು. ಆದರೆ ೧೯೭೦ರ ತರುವಾಯ ಖಾಸಗಿ ಸದಸ್ಯರ ಒಂದು ಮಸೂದೆಯೂ ಕಾಯಿದೆಯಾಗಿಲ್ಲ. ಶುಕ್ರವಾರದ ಅಪರಾಹ್ನ ಅರ್ಧ ಖಾಲಿಯಾದ ಸಭೆಯಲ್ಲಿ ಅವುಗಳ ಆಯುಸ್ಸು ಮುಗಿಯುತ್ತದೆ. ಆದಕಾರಣ ಸರಕಾರವೇ ಮಸೂದೆ ತರುವಂತೆ ಮಾಡಬೇಕು. ಲೋಕಸಭೆಯಲ್ಲಿ ೨೮, ರಾಜ್ಯಸಭೆಯಲ್ಲಿ ೧೨, ಹೀಗೆ ನಲವತ್ತು ಮಂದಿಯನ್ನು ಕರ್ನಾಟಕವು ಕಳುಹಿಸಿದೆ. ಮತ ಹಾಕುವಾಗ ಪಕ್ಷದ ವಿಪ್ಪಿಗೆ ಕಟ್ಟುಬಿದ್ದಿದ್ದೇವೆಂದು ಅವರು ಹೇಳಬಹುದು. ಪ್ರಶ್ನೆ ಕೇಳುವುದಕ್ಕೆ, ಸ್ಥಾಯಿಸಮಿತಿಯಲ್ಲಿ ಮಾತನಾಡುವುದಕ್ಕೆ ಯಾವ ವಿಪ್ಪೂ ಅಡ್ಡಬರುವುದಿಲ್ಲ. ಕೊಡಗಿನ ಪ್ರತಿನಿಧಿಗೂ ಬೀದರದ ಪ್ರತಿನಿಧಿಗೂ ಪಕ್ಷ ಬೇರೆಯಿರಬಹುದು, ಮಳೆ ಬೇರೆಯಿಲ್ಲ. ಮಸೂದೆ ಬಂದ ದಿನ ಅದನ್ನು ಗದ್ದಲದ ನಡುವೆ ಹತ್ತು ನಿಮಿಷದಲ್ಲಿ ಪಾಸುಮಾಡುವುದಕ್ಕೂ ಅವರು ಒಪ್ಪಬಾರದು. ಎರಡು ಮನೆಗಳ ಜಂಟಿ ಸಮಿತಿಗೆ ಅದು ಹೋಗಬೇಕು. ಆ ಸಮಿತಿ ದಿಲ್ಲಿಯಲ್ಲಿಯೇ ಕುಳಿತಿರದೆ ಮಡಿಕೇರಿಯಲ್ಲಿ, ರಾಯಚೂರಿನಲ್ಲಿ, ಧನಬಾದಿನಲ್ಲಿ, ಸುಂದರಬನದ ದಂಡೆಯಲ್ಲಿ ಕುಳಿತು ಸಾಕ್ಷ್ಯ ಪಡೆಯಬೇಕು.

ಮುಂದಿನ ಅಧಿವೇಶನದ ಮೊದಲ ವಾರದಲ್ಲಿ ಕೇಳಬಹುದಾದ ಪ್ರಶ್ನೆ ಸರಳವಾಗಿದೆ: ೨೦೨೪ರ ಮಾರ್ಚಿಯ ತೀರ್ಪಿನ ಮೇಲೆ ಕಾಯಿದೆ ಮಾಡುವ ಆಲೋಚನೆ ಸರಕಾರಕ್ಕೆ ಉಂಟೇ, ಉಂಟಾದರೆ ಯಾವಾಗ? ಈ ನಲವತ್ತು ಮಂದಿಯಲ್ಲಿ ಯಾರು ಯಾರು ಅದನ್ನು ಕೇಳಿದರು, ಏನು ಉತ್ತರ ಬಂದಿತು ಎಂಬುದನ್ನು ನಾವು ಇದೇ ಪುಟದಲ್ಲಿ ಹೆಸರು ಸಹಿತ ಅಚ್ಚುಹಾಕುವೆವು.